ಗುಂಗುರು ಕೂದಲಿನ ರಾಕ್ಷಸಿ

ಆಫೀಸಿಗೆ ಹೊಸದಾಗಿ ಸೇರಿದ ಪಲ್ಲವಿ ಏನು ಚಿತ್ರ ಬರೆದರೂ ಬಾಸ್ ಹೊಗಳುತ್ತಿದ್ದರು. ವಾರಿಜಾಳಿಗೆ ಹೊಟ್ಟೆ ಉರಿಯುತ್ತಿತ್ತು. ಹೊಸ ವಿಡಿಯೊ ಗೇಮಿನ ಪಾತ್ರಗಳ ಚಿತ್ರ ಬರೆಯುವ ಕೆಲಸ ತನಗೇ ಸಿಕ್ಕಿದಾಗ ಅವಳು ಸೇಡು ತೀರಿಸಿಕೊಂಡಳು. ರಾಕ್ಷಸಿಗೆ ಹಸಿರು ಮೈ, ಕೋರೆಹಲ್ಲು. ಆದರೆ ಗುಂಗುರು ಕೂದಲು, ಗುಳಿಕೆನ್ನೆ ಮಾತ್ರ ಪಲ್ಲವಿಯದೇ. ಆಡುವವರೆಲ್ಲ ಅಟ್ಟಾಡಿಸಿಕೊಂಡು ಹೊಡೆಯಲಿ ಇವಳನ್ನು! ಆಮೇಲೆ ನಾಯಕಿಯನ್ನು ಮನಸ್ಸಿಟ್ಟು, ಮುದ್ದುಮುದ್ದಾಗಿ ಬರೆದಳು.

“ಈ ನಾಯಕಿ ಯಾರಿಗೆ ಇಷ್ಟ ಆಗ್ತಾಳೆ?” ಎಂದರು ಬಾಸ್.

“ಕಾಲೇಜು ಹುಡುಗೀರಿಗೆ ಸರ್. ಬೇಕಾದ್ರೆ ಆಡಿಸಿ ನೋಡಿ.”

ಹುಡುಗಿಯರನ್ನು ಕರೆಸಿ ಆಡಿಸಿಯೇ ನೋಡಿದರು. ರಾಕ್ಷಸಿಯನ್ನು ಹೊಡೆಯಲು ಒಬ್ಬಳಿಗೂ ಮನಸ್ಸು ಬರಲಿಲ್ಲ. “ಎಷ್ಟು ಚೆನ್ನಾಗಿದಾಳೆ! ನಾವು ಇವಳಾಗೇ ಆಡ್ಬೇಕು” ಎಂದು ಹಟ ಹಿಡಿದರು.

ಬಾಸ್ ಹಿಗ್ಗಿಹೋದರು. “ವಾರಿಜಾ, ಇನ್ಮೇಲೆ ಇವಳೇ ನಾಯಕಿ. ಆ ಸಪ್ಪೆ ಮೂತಿಯವಳಿಗೆ ಕೋರೆಹಲ್ಲು ಇಟ್ಟು ರಾಕ್ಷಸಿ ಮಾಡ್ಬಿಡಿ. ಎಲ್ರೂ ಅವಳನ್ನ ಹೊಡೀಲಿ.”

ಪಲ್ಲವಿ ಗಾಬರಿಯಿಂದ ಎದ್ದು ನಿಂತಳು.

“ಬೇಡ ಸರ್, ಪಾಪ! ಅವಳು ಥೇಟ್ ನಮ್ಮ ವಾರಿಜಕ್ಕನ ಥರಾನೇ ಇದಾಳಲ್ವಾ?”