ಬಿರುಕಿನ ಮೇಲಿನ ಗಾಜು

ಪಾದ್ರಿ ಏಣಿ ಹತ್ತುವುದನ್ನು ಅವಳು ಕಂಬದ ಮರೆಯಿಂದ ನೋಡಿದಳು. ಕೊನೆಗೂ ಕಳ್ಳ ಸಿಕ್ಕಿಬಿದ್ದ.

ಹಳೆಯ ಚರ್ಚುಗಳನ್ನು ಜೀರ್ಣೋದ್ಧಾರ ಮಾಡುತ್ತಲೇ ತಲೆ ನರೆತ ವಾಸ್ತುಶಿಲ್ಪಿ ಅವಳು. ಈ ಚರ್ಚಿನ ಗೋಪುರ ಉಳಿಯುವುದಿಲ್ಲ, ಕೆಡವಿ ಎಂದು ಎಂಜಿನಿಯರುಗಳು ಕೈ ತೊಳೆದುಕೊಂಡಾಗ, ಉಳಿಸಿ ತೋರಿಸುತ್ತೇನೆಂದು ಪಂಥ ಕಟ್ಟಿದ್ದಳು. ಗೋಪುರದ ಗೋಡೆಯ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಗಾರೆಯಲ್ಲಿ ಅಂಟಿಸಿದ್ದಳು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಸೀಳಿದ ದಿನವೇ ಚರ್ಚಿಗೆ ಬೀಗ. ತಿಂಗಳಿಗೊಮ್ಮೆ ಬಂದು ನೋಡುತ್ತಿದ್ದಳು. ವರ್ಷವಾದರೂ ಒಂದೂ ಸೀಳಿರಲಿಲ್ಲ. ನಿನ್ನೆ ತಾನೇ ಅಂಟಿಸಿದ ಹಾಗೆ ಫಳಫಳ ಹೊಳೆಯುತ್ತಿದ್ದವು. ಹೊಟ್ಟೆ ಉರಿದುಕೊಳ್ಳಲಿ ಎಂದು ಎಂಜಿನಿಯರುಗಳಿಗೆ ಫೋಟೊ ಕಳಿಸುತ್ತಿದ್ದಳು.

ಕಾಟವೆಲ್ಲ ಪಾದ್ರಿಯದೇ. ಇಬ್ಬರೂ ಹಾವು ಮುಂಗುಸಿ. ಬುನಾದಿ ಅಗೆದು ನೋಡಬೇಕು, ತಿಂಗಳು ಪ್ರಾರ್ಥನೆ ನಿಲ್ಲಿಸಿ ಎಂದಿದ್ದಕ್ಕೆ, "ಒಂದು ದಿನಾನೂ ಮುಚ್ಚಲ್ಲ. ಬೇಕಾದ್ರೆ ನೀವು ಗಂಟುಮೂಟೆ ಕಟ್ಟಿ" ಎಂದಿದ್ದ. ಅಗೆಯಲು ಬಿಡದಿದ್ದರೆ ಬೇಡ, ಗಾಜು ಇದೆಯಲ್ಲ! ಅದನ್ನೇ ನಂಬಿ, ಗೋಪುರ ಭದ್ರವಾಗಿದೆ ಎಂದು ಸಹಿ ಹಾಕಿದಳು. ವರ್ಷದಿಂದ ಕಟ್ಟಿಹಾಕಿದ್ದ ದೊಡ್ಡ ಗಂಟೆಯನ್ನು ಇವತ್ತು ಮತ್ತೆ ಬಾರಿಸುವವರಿದ್ದರು.

ಮೊನ್ನೆ ಪಾದ್ರಿಯ ಉಗುರಿನ ಸಂದಿಯಲ್ಲಿ ಗಾರೆ ಕಂಡಿತ್ತು. ಗಾಜು ಒಡೆದು ತನ್ನ ಹೆಸರಿಗೆ ಮಸಿ ಬಳಿಯುವ ಹುನ್ನಾರ ಎಂದು ಆಗಲೇ ಖಾತ್ರಿಯಾಗಿತ್ತು. ಇಡೀ ಜೀವಮಾನದ ದುಡಿಮೆಯನ್ನು ಈ ಮನುಷ್ಯನ ಹಟಕ್ಕೆ ಬಲಿ ಕೊಡಲು ಅವಳು ತಯಾರಿರಲಿಲ್ಲ.

"ಇಳೀರಿ ಫಾದರ್, ಕೆಳಗೆ!" ಏಣಿ ಹಿಡಿದು ಅಲ್ಲಾಡಿಸಿದಳು.

ಪಾದ್ರಿ ಹಲ್ಲು ಕಡಿಯುತ್ತ ಇಳಿದ. "ಮೆತ್ತಗೆ ಮಾತಾಡಿ, ಮೇಡಂ. ಒಳಗೆ ಜನ ತುಂಬಿದ್ದಾರೆ."

"ಕೇಳಿಸ್ಕೊಳ್ಳಲಿ, ನಿಮ್ಮ ಬಣ್ಣ ಬಯಲಾಗಲಿ. ಜೇಬಲ್ಲಿರೋದು ತೆಗೀರಿ. ಸುತ್ತಿಗೆ ತಾನೇ?"

ಸುತ್ತಿಗೆಯಲ್ಲ. ಒಂದು ಜೇಬಿನಿಂದ ಎರಡು ತುಂಡಾದ ಗಾಜು ಹೊರಬಂತು. ಇನ್ನೊಂದರಿಂದ, ಕಾಗದದಲ್ಲಿ ಸುತ್ತಿದ್ದ ಹೊಸ ಪಟ್ಟಿಗಳ ಕಟ್ಟು.

"ನಿಮ್ಮ ಮೇಲಿನ ಅಕ್ಕರೆಗಲ್ಲ," ಪಾದ್ರಿ ಸಿಡುಕಿದ. "ಸೀಳಿದ್ರೆ ಬೀಗ ಅಂದಿದ್ರಲ್ಲ, ಅದಕ್ಕೆ. ಮೊದಮೊದಲು ತಿಂಗಳಿಗೊಂದು ಬದಲಾಯಿಸಿದ್ರೆ ಸಾಕಿತ್ತು. ಈಗ ದಿನಾ ಬದಲಾಯಿಸ್ತಾ ಇದೀನಿ."