ಕೀಲಿ ತೆಗೆದರೂ ನಿಲ್ಲದ ಕಾರು

ಸತ್ತ ಮೇಲೆ ಏನು ಉಳಿಯುತ್ತದೆ ಎಂಬ ಪ್ರಶ್ನೆ ಮಹಾಜ್ಞಾನಿಗಳನ್ನೂ ಕಾಡಿದೆ. ಗಾಜಿಪುರದ ನಮ್ಮ ಗ್ಯಾರೇಜಿನಲ್ಲಿ ಅಪ್ಪನ ಉತ್ತರ ಸಿದ್ಧವಿತ್ತು: ಕಾರ್ಬನ್. ಸುಟ್ಟ ಪೆಟ್ರೋಲಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಕಮಲಾಪುರದ ಅಜ್ಜಿಯೊಬ್ಬರು ತೀರಿಹೋದ ಗಂಡನ ಹಳೆಯ ಕಾರಿನಲ್ಲಿ ಮಗನೊಂದಿಗೆ ಬಂದಿದ್ದರು. ಮಗ ಕೀಲಿ ತೆಗೆದು ಇಳಿದ. ಇಂಜಿನ್ ಮಾತ್ರ ಕೆಮ್ಮುತ್ತ, ಖಾಲಿ ಸೀಟನ್ನು ನಡುಗಿಸುತ್ತ ಓಡುತ್ತಲೇ ಇತ್ತು.

"ಅವರು ಇನ್ನಾ ಇಳದಿಲ್ರಿ," ಎಂದರು ಅಜ್ಜಿ.

"ಒಳಗ ಕಾರ್ಬನ್ ಕೂತದ ಅವ್ವಾರ," ಎಂದ ಅಪ್ಪ. "ಕೀಲಿ ತೆಗೆದ್ರೂ ಅದರ ಕಾವಿಗೆ ಪೆಟ್ರೋಲ್ ಹೊತ್ತತದ. ಕೆರೆದ್ರ ಸುಮ್ಮನಾಗ್ತದ."

"ಸುಮ್ಮನಾಗೂದು ಬ್ಯಾಡ್ರಿ. ಹಿಂಗೇ ಇರ್ಲಿ."

"ಅವ್ವನ ಮಾತು ಕೇಳಬ್ಯಾಡ್ರಿ, ಕೆರೀರಿ," ಎಂದ ಮಗ.

ಅಪ್ಪ ಕೆರೆದ. ಸಂಜೆ ಕೀಲಿ ತೆಗೆದ ಕೂಡಲೇ ಇಂಜಿನ್ ನಿಂತಿತು. ಮಗ ಅವ್ವನಿಗಾಗಿ ಬಾಗಿಲು ತೆರೆದ.

ಅಜ್ಜಿ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋದರು.