ಗುಂಡಿ ಒತ್ತಿದರೆ ಒಲೆ

ಗುಂಡಿಯನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ. ಪ್ಲಗ್ ಹಾಕಿದೊಡನೆಯೇ ಬೇಕರಿಯ ಒಲೆಯೊಳಗೆ ಚಟಚಟ ಎಂದು ಕಿಡಿ ಹಾರತೊಡಗಿತು.

"ಗ್ಯಾಸ್ ಬಂದ್ ಇದೆ ತಾನೇ?" ಎಂದು ರೇಡಿಯೊ ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದ.

"ನನಗಿನ್ನೂ ಒಂದು ಹುಬ್ಬು ಉಳಿದಿದೆ ರೀ. ಬಂದ್ ಮಾಡದೆ ಇರ್ತೀನಾ?" ಎಂದಳು ಹೆಂಡತಿ. ಬೇಕರಿ ಅವಳದು. ಒಂದು ಕೈಯಲ್ಲಿ ಕಿಡಿಯ ಸ್ವಿಚ್ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಗ್ಯಾಸ್ ತಿರುಗಿಸಿ, ಹೊತ್ತಿತೋ ಇಲ್ಲವೋ ಎಂದು ಬಗ್ಗಿ ನೋಡುವಾಗ ಎಡಹುಬ್ಬನ್ನು ಆ ಒಲೆಗೇ ಅರ್ಪಿಸಿದ್ದಳು.

ಅದಕ್ಕೇ ಗಂಡ ಈ ಟೈಮರ್ ಕಟ್ಟಿದ್ದು. ಗುಂಡಿಯನ್ನು ಒಮ್ಮೆ ಒತ್ತಿ ಬದಿಗೆ ನಿಂತರಾಯಿತು, ಅದರೊಳಗಿನ ರಿಲೇ ಸ್ವಿಚ್ ತಾನಾಗಿಯೇ ಹತ್ತು ಸೆಕೆಂಡು ಕಿಡಿ ಹಾರಿಸಿ ನಿಲ್ಲಿಸಬೇಕು. ಇವತ್ತು ಇದು ಕೈಕೊಟ್ಟರೆ ಹೊಸ ಒಲೆ ಬರುತ್ತದೆ. ಹೊಸ ಒಲೆ ಬಂದರೆ ಮೂಲೆಯಲ್ಲಿರುವ ಮೆಕ್ಯಾನಿಕ್‌ನ ರಿಪೇರಿ ಮೇಜು ಬೀದಿಗೆ ಬೀಳುತ್ತದೆ. ಒಲೆ ಮಾರುವ ಭಾವಮೈದುನ ಆಗಲೇ ಟೇಪು ಹಿಡಿದು ಆ ಮೂಲೆಯನ್ನು ಅಳೆಯುತ್ತಿದ್ದ. ಪಾಪ, ಮನೆ ಅಂಗಡಿ ಎರಡರಲ್ಲೂ ಮೆಕ್ಯಾನಿಕ್ ತನ್ನದು ಅಂತ ಹೇಳಿಕೊಳ್ಳುವ ಹಾಗಿದ್ದದ್ದು ಆ ಮೇಜೊಂದೇ.

ಅವನು ಧೈರ್ಯ ಮಾಡಿ ಗುಂಡಿ ಒತ್ತಿದ. ಟಕ್! ಕಿಡಿ ನಿಂತೇಹೋಯಿತು. ಹತ್ತು ಸೆಕೆಂಡು ಕಳೆದದ್ದೇ ತಡ, ಟಕ್! ಮತ್ತೆ ಚಟಚಟ.

"ಥೇಟ್ ನಿಮ್ಮ ಹಾಗೇ ಇದೆ," ಎಂದಳು ಹೆಂಡತಿ. "ಸುಮ್ನಿರಿ ಅಂದ್ರೆ ಹತ್ತು ಸೆಕೆಂಡು ಸುಮ್ನಿರುತ್ತೆ."

ಭಾವಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ, ಮೇಜು ಎತ್ತೋಕೆ ನಾನೂ ಒಂದು ಕೈ ಹಾಕ್ಲಾ?"

ಮೆಕ್ಯಾನಿಕ್‌ಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಪ್ಲಗ್ ಕಿತ್ತು, ಡಬ್ಬಿ ಬಿಚ್ಚಿ ನೋಡಿದ. ರಿಲೇಯಲ್ಲಿ ತಂತಿ ಬಿಗಿಯಲು ಎರಡು ಸ್ಕ್ರೂ. ಗುಂಡಿ ಒತ್ತಿದಾಗ ಕರೆಂಟು ಕೊಡುವುದು ಒಂದು, ಒತ್ತಿದಾಗ ಕರೆಂಟು ನಿಲ್ಲಿಸುವುದು ಇನ್ನೊಂದು. ಒಂದು ಕಣ್ಣು ಭಾವಮೈದುನನ ಟೇಪಿನ ಮೇಲಿಟ್ಟು ಕೆಲಸ ಮಾಡಿದವನು ತಂತಿಯನ್ನು ಬೇಡದ ಸ್ಕ್ರೂಗೆ ಬಿಗಿದಿದ್ದ.

"ಇಷ್ಟೇನಾ! ನಗ್ತಾ ಇರು ನೀನು," ಎಂದು ತಂತಿಯನ್ನು ಪಕ್ಕದ ಸ್ಕ್ರೂಗೆ ದಾಟಿಸಿದ.

ಈ ಸಲ ಪ್ಲಗ್ ಹಾಕಿದರೂ ಒಲೆ ತುಟಿಪಿಟಕ್ ಎನ್ನಲಿಲ್ಲ. ಗುಂಡಿ ಒತ್ತಿದ. ಟಕ್, ಚಟಚಟ. ಹೆಂಡತಿ ಬದಿಯಲ್ಲಿ ನಿಂತೇ ಗ್ಯಾಸ್ ತಿರುಗಿಸಿದಳು. ಭುಗ್ ಎಂದು ನೀಲಿ ಉರಿ ಈ ತುದಿಯಿಂದ ಆ ತುದಿಗೆ ಓಡಿತು. ಟಕ್, ಕಿಡಿ ನಿಂತಿತು. ಭಾವಮೈದುನನ ಟೇಪು ಸರ್ರನೆ ಒಳಗೆ ಸೇರಿಕೊಂಡಿತು.

"ನೋಡಿದ್ಯಾ? ಇನ್ಮೇಲೆ ಯಾರು ಬೇಕಾದ್ರೂ ಹಚ್ಚಬಹುದು!" ಮೆಕ್ಯಾನಿಕ್ ಖುಷಿಯಿಂದ ತನ್ನ ಮೇಜನ್ನು ತಟ್ಟಿದ.

"ಯಾರು ಬೇಕಾದ್ರೂ?" ಎಂದಳು ಹೆಂಡತಿ.

"ನಿದ್ದೆಗಣ್ಣಲ್ಲಿ ಬೇಕಾದ್ರೂ ಹಚ್ಚಬಹುದು ಕಣೇ!"

ಹೆಂಡತಿಯ ಮುಖ ಎಷ್ಟೋ ದಿನಗಳ ಮೇಲೆ ಅರಳಿತು. "ಒಲೆ ಹಚ್ಚೋದು ನನಗೆ ಬರಲ್ಲ ಅಂತ ಇಷ್ಟು ವರ್ಷ ಬೆಳಗಿನ ಜಾವ ಮುಸುಕು ಹೊದ್ದು ಮಲಗ್ತಿದ್ರಲ್ಲ ರೀ, ಆ ನೆಪಾನ ನೀವೇ ಕೈಯಾರೆ ಕಿತ್ತು ಬಿಸಾಕಿದ್ರಿ."

ಒಳಗೆ ಹೋಗಿ ಅಲಾರಂ ಗಡಿಯಾರ ತಂದಳು. ಅದನ್ನು ಅವನು ಉಳಿಸಿಕೊಂಡ ಮೇಜಿನ ನಟ್ಟನಡುವೆ ಇಟ್ಟಳು.